ಒಂದು ತಾಸು, ಒಂದು ಕಿಲೋಮೀಟರ್, ಒಬ್ಬ ದೊಡ್ಡವರು

ನಾನು ಏಳನೇ ಕ್ಲಾಸು ಓದಿದವ. ಹೊಲ ಮಾಡ್ತೀನಿ. ಭಜನಿ ಪದ, ಹಂತಿ ಪದ, ಮೊಹರಂ ಪದ ಹಾಡ್ತೀನಿ. ಬರೆಯೋದು ನನ್ನ ಕಸುಬಲ್ಲ. ಆದರೆ ಕೊರೊನಾ ಹೋದ ಮೇಲೆ ನಮ್ಮ ಕಡೆ ಮೂರು ಮಾತು ತಿರುಗ್ತಾ ಇದ್ದಾವೆ. ಮೂರೂ ಮಕ್ಕಳ ಬಗ್ಗೆ. ಮೂರೂ ತಪ್ಪು ಅಂತ ನನ್ನ ವಾದ. ಕಟ್ಟೆ ಮೇಲೆ ಕೂತು ಎಷ್ಟು ಸಲ ಹೇಳಿದರೂ ಮಾತು ಗಾಳಿಗೆ ಹೋಗ್ತದ. ಅದಕ್ಕೆ ಈ ಸಲ ಪುಸ್ತಕಕ್ಕೇ ಬರೆದು ಕೊಡ್ತೀನಿ.

ಮೊದಲನೇ ಮಾತು ಪಟ್ಟಣದಾಗ ನೌಕರಿ ಮಾಡುವ ನಮ್ಮವರದು. ಹಬ್ಬಕ್ಕೆ ಊರಿಗೆ ಬಂದಾಗ ಹೇಳ್ತಾರೆ: "ಏನೇ ಅನ್ರಿ ಕಾಕಾ, ಕೊರೊನಾ ಒಂದು ಒಳ್ಳೇದು ಮಾಡ್ತು. ಹೆಂಡತಿ ಮಕ್ಕಳ ಜೊತೆ ಕೂತು ಉಂಡ್ವಿ, ಕಾರು ತಗೊಂಡು ಸುತ್ತಿದ್ವಿ. ಅಂಥಾ ದಿನ ಮತ್ತೆ ಬರೋದಿಲ್ಲ." ಎರಡನೇ ಮಾತು ಮಾಸ್ತರರದು: "ಆ ಎರಡು ವರ್ಷ ಮಕ್ಕಳ ಪಾಲಿಗೆ ಸೊನ್ನೆ. ಏನೂ ಕಲಿಯಲಿಲ್ಲ, ಬರೀ ಆಡಿದರು." ಮೂರನೇ ಮಾತು ನಮ್ಮ ಓಣಿಯ ಹರೇದವರದು: "ಮಕ್ಕಳಿಗೆ ಖುಷಿ ಬೇಕಂದ್ರ ವರ್ಷಕ್ಕೊಂದು ಟ್ರಿಪ್ ಮಾಡಬೇಕು. ಇಲ್ಲಾಂದ್ರ ನಾವೆಂಥಾ ತಂದೆ ತಾಯಿ?"

ಮೂರು ಮಾತಿಗೂ ಬೇರು ಒಂದೇ. ಮಕ್ಕಳ ಸಂತೋಷವನ್ನು ಹೊರಗಿನಿಂದ ಯಾರೋ ತಂದು ಕೊಡಬೇಕು ಅನ್ನೋದು. ರೋಗ ಬಂದು ಕೊಡಬೇಕು, ಇಲ್ಲ ಸಾಲಿ ಕೊಡಬೇಕು, ಇಲ್ಲ ಕಾರು ಕೊಡಬೇಕು. ನಾನು ಹೇಳೋದು ಇಷ್ಟೇ: ಮಗುವಿಗೆ ಬೇಕಾದದ್ದು ಒಬ್ಬ ದೊಡ್ಡ ಮನುಷ್ಯ, ಆ ಮನುಷ್ಯನ ಒಂದು ತಾಸು, ಕಾಲಿಗೆ ಸಿಗುವಷ್ಟು ದಾರಿ. ಇದು ರೋಗಕ್ಕೆ ಮೊದಲೂ ಊರಿನಾಗ ಇತ್ತು, ರೋಗದ ಕಾಲಕ್ಕೂ ಇತ್ತು, ಈಗಲೂ ಅದ. ಕೊಡೋದನ್ನ ಊರು ಮರೀತಾ ಇದೆ.

ಮೊದಲನೇ ಮಾತಿಗೆ ಮೊದಲು ಬರೋಣ. ಕಾರು ತಗೊಂಡು ಸುತ್ತಿದ್ವಿ ಅಂದ್ರಲ್ಲ, ಯಾವ ರಸ್ತೆ ಮೇಲೆ ಸುತ್ತಿದ್ರಿ? 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿಗಳು ಟಿವಿಯಲ್ಲಿ ಹೇಳಿದರು, ಹನ್ನೆರಡು ಹೊಡೆದರೆ ದೇಶವೆಲ್ಲ ಬಂದ್. ಮರುದಿನ 25ನೇ ತಾರೀಖು ಯುಗಾದಿ. ಬೇವು ಬೆಲ್ಲ ತಿನ್ನುವ ದಿನ ಬಸ್ಸೂ ಇಲ್ಲ, ರೈಲೂ ಇಲ್ಲ. ನಮ್ಮದು ಪಾಲಮೂರು ಸೀಮೆ. ಪಾಲಮೂರು ಲೇಬರ್ ಅಂದರೆ ಡ್ಯಾಮು, ಕಾಲುವೆ, ಕಟ್ಟಡ ಕಟ್ಟುವ ಕಡೆಯೆಲ್ಲ ಗೊತ್ತು. ಮಕ್ತಲ್, ನಾರಾಯಣಪೇಟೆ, ಗದ್ವಾಲ ಕಡೆಯ ಜನ ಮುಂಬೈ, ಪುಣೆ, ಹೈದರಾಬಾದಿನಾಗ ಹೆಂಡತಿ ಮಕ್ಕಳ ಸಮೇತ ತಗಡಿನ ಶೆಡ್ಡಿನಾಗ ಇರ್ತಾರ. ಕೆಲಸ ನಿಂತಿತು, ಕೂಲಿ ನಿಂತಿತು. ಅವರೂ ಆ ವರ್ಷ ಸಂಸಾರ ಸಮೇತ ರಸ್ತೆ ಪ್ರಯಾಣ ಮಾಡಿದರು. ಅದಕ್ಕೆ ಟ್ರಿಪ್ ಅಂತ ಯಾರೂ ಅನ್ನಲಿಲ್ಲ.

ನಮ್ಮೂರಿಗೆ ಹೈದರಾಬಾದಿನಿಂದ ಒಂದು ಸಂಸಾರ ಬಂತು. ನೂರೈವತ್ತು ಕಿಲೋಮೀಟರಿಗೂ ಮಿಗಿಲಾದ ದಾರಿ. ಸ್ವಲ್ಪ ದೂರ ತರಕಾರಿ ಲಾರಿಯಾಗ, ಉಳಿದದ್ದು ಕಾಲಾಗ. ಆರು ವರ್ಷದ ಹುಡುಗನ ಚಪ್ಪಲಿ ಹರಿದು ಹೋಗಿ ಕಾಲಿಗೆ ಸಿಮೆಂಟ್ ಚೀಲದ ತುಂಡು ಕಟ್ಟಿದ್ದರು. ಊರ ಹೊರಗೆ ಹೊಲದ ಗುಡಿಸಲಿನಾಗ 14 ದಿನ ಇರಿಸಿದರು. ಹುಡುಗನ ಅಜ್ಜಿ ಹೊತ್ತು ಇಳಿದ ಮೇಲೆ ಹೋಗಿ ಬದುವಿನ ಈಚೆ ಕೂಡ್ತಿದ್ದಳು. ರೊಟ್ಟಿ ಗಂಟು ಬದುವಿನ ಮೇಲೆ ಇಟ್ಟು ಹಿಂದೆ ಸರೀತಿದ್ದಳು, ಹುಡುಗ ಓಡಿ ಬಂದು ಒಯ್ಯುತ್ತಿದ್ದ. ಆಮೇಲೆ ಆಕಿ ಅಲ್ಲಿಂದಲೇ ದೊಡ್ಡ ದನಿಯಲ್ಲಿ ಕತಿ ಹೇಳೋಳು. ನರಿ, ಹುಲಿ, ಏಳು ಸೊಸೆಯರ ಕತಿ. ಹುಡುಗ ಗುಡಿಸಲ ಬಾಗಿಲಿನಾಗ ಕೂತು ಹೊಟ್ಟಿ ಹಿಡಕೊಂಡು ನಗೋನು. ನಾನು ನನ್ನ ಹೊಲದಾಗ ನೀರು ಕಟ್ಟುತ್ತಾ ಕೇಳಿದ್ದೀನಿ.

ಈಗ ಹೇಳ್ರಿ, ಆ ನಗುವನ್ನ ಕೊರೊನಾ ಕೊಟ್ಟಿತೋ, ಅಜ್ಜಿ ಕೊಟ್ಟಳೋ? ಕೊರೊನಾ ಕೊಟ್ಟದ್ದು ಅಂಗಾಲಿನ ಬೊಕ್ಕೆ. ನಗು ಕೊಟ್ಟದ್ದು ಅಜ್ಜಿ. ಎರಡಕ್ಕೂ ಲೆಕ್ಕ ಬೇರೆ ಬೇರೆ ಇಡಬೇಕು.

ಆ ಹುಡುಗ ಊರು ಮುಟ್ಟಿದ. ಮುಟ್ಟದವರೂ ಇದ್ದಾರೆ. ನಮ್ಮ ತೆಲಂಗಾಣದ ಮುಲುಗು ಕಡೆ ಮೆಣಸಿನಕಾಯಿ ಬಿಡಿಸಲಿಕ್ಕೆ ಬಂದಿದ್ದ 12 ವರ್ಷದ ಹುಡುಗಿ ಒಬ್ಬಳು ತನ್ನ ಜನರ ಜೊತೆ ನಡೆದು ಹೊರಟಳು. ಬಿಜಾಪುರಕ್ಕೆ, ನಮ್ಮ ವಿಜಯಪುರ ಅಲ್ಲ, ಛತ್ತೀಸಗಡದ ಬಿಜಾಪುರ. ಮೂರು ದಿನ ಕಾಡು ದಾರಿ ನಡೆದು 2020ರ ಏಪ್ರಿಲ್ 18ರಂದು ಮನೆ ಮುಟ್ಟುವ ಮೊದಲೇ ತೀರಿಕೊಂಡಳು. ಅದೇ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ಸಿಂಧನೂರಿನ ಹೆಣ್ಣುಮಗಳು, ಕಟ್ಟಡ ಕೆಲಸದಾಕಿ, ಬೆಂಗಳೂರಿನಿಂದ ನಡೆದು ಹೊರಟು ಬಳ್ಳಾರಿಯಲ್ಲೇ ಪ್ರಾಣ ಬಿಟ್ಟಳು. ಮೇ ತಿಂಗಳಾಗ ಬಿಹಾರದ 15 ವರ್ಷದ ಹುಡುಗಿ ಕಾಲು ನೋವಿನ ಅಪ್ಪನನ್ನ ಸೈಕಲ್ ಹಿಂದೆ ಕೂರಿಸಿಕೊಂಡು ದೆಹಲಿ ಪಕ್ಕದ ಗುರುಗ್ರಾಮದಿಂದ ದರ್ಭಂಗಾದವರೆಗೆ ಸುಮಾರು 1200 ಕಿಲೋಮೀಟರ್ ತುಳಿದಳು. ಅಮೆರಿಕದ ಅಧ್ಯಕ್ಷರ ಮಗಳು ಕೂಡ ಹೊಗಳಿದರು. ಪೇಪರಿನವರು ಸಾಹಸ ಅಂದರು. ಹುಡುಗಿ ಗಟ್ಟಿ, ಅದರಾಗ ಮಾತಿಲ್ಲ. ಆದರೆ ಬಸ್ಸು ಇದ್ದಿದ್ದರೆ ಆಕೆ ಸಾಹಸ ಮಾಡಬೇಕಾಗಿತ್ತೇನು?

ಮುಂದಿನ ವರ್ಷ ಏಪ್ರಿಲ್, ಮೇದಾಗ ಎರಡನೇ ಅಲೆ ಬಂತು. ಮೇ 12ರಿಂದ ಜೂನ್ 19ರವರೆಗೆ ನಮ್ಮ ರಾಜ್ಯ ಮತ್ತೆ ಬಂದ್. ಆಕ್ಸಿಜನ್ ಸಿಗದೆ ಎಷ್ಟು ಮನೆಯ ದೀಪ ಆರಿದವು ಅಂತ ಎಲ್ಲರಿಗೂ ಗೊತ್ತು. ಅಪ್ಪನನ್ನೋ ಅವ್ವನನ್ನೋ ಕಳಕೊಂಡ ಮಕ್ಕಳು ನಮ್ಮ ಸುತ್ತಿನ ಊರುಗಳಲ್ಲೇ ಇದ್ದಾರೆ. ಅವರ ಮುಂದೆ ನಿಂತು "ಕೊರೊನಾ ಒಂದು ಒಳ್ಳೇದು ಮಾಡ್ತು" ಅನ್ನಲಿಕ್ಕೆ ಯಾರಿಗಾದರೂ ನಾಲಿಗಿ ಏಳ್ತದೇನು? ಹೆಂಡತಿ ಮಕ್ಕಳ ಜೊತೆ ಕೂತು ಉಣ್ಣಲಿಕ್ಕೆ ನಿಮಗೆ ಊರು ಸುಡುವ ರೋಗ ಬೇಕಾಯಿತು ಅಂದರೆ, ಹೊಗಳಬೇಕಾದ್ದು ರೋಗವನ್ನಲ್ಲ, ವಿಚಾರ ಮಾಡಬೇಕಾದ್ದು ನಿಮ್ಮ ದಿನಚರಿಯನ್ನ.

ಇನ್ನು ಮೂರನೇ ಮಾತು, ಕಾರಿನ ಮಾತು. ಕಾರಿನ ಮೇಲೆ ನನಗೆ ಸಿಟ್ಟಿಲ್ಲ. ಇದ್ದವರು ಹತ್ತಲಿ. ಆದರೆ ಜೂರಾಲದ ಹತ್ತಿರ ಇರುವ ನಾವು ಪ್ರತಿ ಮಳೆಗಾಲಕ್ಕೂ ಕಣ್ಣಾರೆ ಕಾಣೋದು ಒಂದಿದೆ. ಮಹಾರಾಷ್ಟ್ರದಾಗ ಮಳೆ ಜೋರಾದರೆ ಆಲಮಟ್ಟಿ ತುಂಬ್ತದ, ನಾರಾಯಣಪುರ ತುಂಬ್ತದ, ಅಲ್ಲಿಂದ ಬಿಟ್ಟ ನೀರು ಇಲ್ಲಿಗೆ ಬರ್ತದ. ಜೂರಾಲದ ಗೇಟು ಎತ್ತಿದರು ಅಂತ ಸುದ್ದಿ ಆದರೆ ಸಾಕು, ಆನೆಕಟ್ಟೆ ಮೇಲೆ ಕಾರಿನ ಸಾಲು. 2020ರ ಮಳೆಗಾಲದಾಗ, ಲಾಕ್‌ಡೌನ್ ಸಡಿಲಾದ ಮೇಲೆ, ಇನ್ನೂ ಜಾಸ್ತಿ. ಮನೆಯಾಗ ಕೂತು ಬೇಸತ್ತವರು, ಪಾಪ, ಬರಲಿ. ಬಂದು ಮಾಡೋದೇನು? ಕಾರು ನಿಲ್ಲಿಸ್ತಾರೆ, ಮಗುವನ್ನ ಎತ್ತಿ ಕಟಾಂಜನದ ಮುಂದೆ ನಿಲ್ಲಿಸ್ತಾರೆ, "ನಗು, ನಗು" ಅಂತಾರೆ, ಫೋಟೋ ಹೊಡೀತಾರೆ. ಮೀನು ಹುರಿಯುವ ಅಂಗಡಿಯಾಗ ತಿಂತಾರೆ. ಮಗು "ಈ ನೀರು ಎಲ್ಲಿಂದ ಬಂತು" ಅಂತ ಕೇಳಿದರೆ "ಮೇಲಿನಿಂದ" ಅಂತಾರೆ. ಮತ್ತೆ ಕಾರು. ಮಗುವಿನ ಕೈಯಾಗ ಮೊಬೈಲ್.

ಅದು ಮೇಲಿನಿಂದ ಬಂದ ನೀರಲ್ಲ ಮಗಾ, ಮಹಾಬಳೇಶ್ವರದಿಂದ ಹೊರಟ ಕೃಷ್ಣಿ, ಭೀಮಾಶಂಕರದಿಂದ ಹೊರಟ ಭೀಮಿ. ಭೀಮಿ ಪಂಢರಪುರದ ವಿಠ್ಠಲನ ಕಾಲು ತೊಳೆದು, ಕಲಬುರಗಿ ಯಾದಗಿರಿ ಸೀಮೆ ದಾಟಿ, ನಮ್ಮ ತಂಗಡಿ ಹತ್ತಿರ ಬಂದು ಕೃಷ್ಣಿಯನ್ನ ಕೂಡ್ತಾಳ. 2020ರ ಅಕ್ಟೋಬರ್‌ನಲ್ಲಿ ಭೀಮಿ ಉಕ್ಕಿ ಕಲಬುರಗಿ ಕಡೆಯ ಊರುಗಳಿಗೆ ನುಗ್ಗಿದಾಗ ಇಲ್ಲಿ ಕೆಂಪು ನೀರು ಬಂದದ್ದು ಅದಕ್ಕೇ. ಜೂರಾಲದಾಗ ನಿಂತ ನೀರಿನ ಮಟ್ಟ ತುಂಬಿದರೆ ಸಮುದ್ರಕ್ಕಿಂತ 1045 ಅಡಿ ಮೇಲೆ. ಇಲ್ಲಿಂದ ಮುಂದೆ ಶ್ರೀಶೈಲ. ಇಷ್ಟು ಹೇಳಲಿಕ್ಕೆ ಎಷ್ಟು ಹೊತ್ತು ಬೇಕು? ಒಂದು ಬೀಡಿ ಸೇದುವಷ್ಟು. ಇದನ್ನ ಹೇಳುವ ದೊಡ್ಡವರು ಪಕ್ಕದಾಗ ಇದ್ದರೆ ಗೇಟು ಎತ್ತದ ದಿನವೂ ನದಿ ನೋಡಲಿಕ್ಕೆ ಚಂದ. ಇಲ್ಲದಿದ್ದರೆ ಎಲ್ಲಾ ಗೇಟು ಎತ್ತಿದರೂ ಅದು ಫೋಟೋದ ಹಿಂದಿನ ಪರದೆ.

ಪಟ್ಟಣದವರನ್ನ ನೋಡಿ ನಮ್ಮ ಹರೇದವರು ಕಲಿತದ್ದು ಇದೇ. ನಮ್ಮ ಓಣಿಯವರೊಬ್ಬರು ಹತ್ತಿ ರೊಕ್ಕ ಬರೋ ಮೊದಲೇ ಕೈಗಡ ತಂದು ಬಾಡಿಗೆ ಗಾಡಿ ಮಾಡಿದರು. ಏಳು ಮಂದಿ ಕೂಡೋ ಗಾಡಿಯಾಗ ಹನ್ನೊಂದು ಮಂದಿ. ಇನ್ನೂ ಕೊರೊನಾ ಹೋಗಿರಲಿಲ್ಲ. ಏಸಿ ಅಂತ ಕಿಟಕಿ ಮುಚ್ಚಿಕೊಂಡರು. ಗಾಳಿ ಆಡದ ಕಡೆ ರೋಗ ಬೇಗ ಹಬ್ಬುತ್ತದೆ, ಬಯಲಿನಾಗ ಕಡಿಮೆ ಅಂತ ಡಾಕ್ಟರುಗಳು ಹೇಳಿದ್ದು ಅವರಿಗೂ ಗೊತ್ತಿತ್ತು. ಶ್ರೀಶೈಲದ ಘಾಟಿನಾಗ ಮಕ್ಕಳು ವಾಂತಿ ಮಾಡಿದರು, ಉಳಿದ ಹೊತ್ತು ಮಲಗಿದರು. ತಿರುಗಿ ಬಂದ ಮೇಲೆ ಆ ಮನೆಯ ಸಣ್ಣ ಹುಡುಗಿಯನ್ನ ಏನು ನೋಡಿದಿ ಅಂತ ಕೇಳಿದೆ. "ಕೋತಿ" ಅಂದಳು. ಕೋತಿ ನಮ್ಮ ಹನುಮಪ್ಪನ ಗುಡಿ ಮುಂದೇ ಇದ್ದಾವೆ. ಗಾಡಿ ಬಾಡಿಗೆಯ ಬಡ್ಡಿ ಮಾತ್ರ ಮುಂದಿನ ಸುಗ್ಗಿವರೆಗೆ ನಡೀತು. ಶ್ರೀಶೈಲಕ್ಕೆ ಹೋಗಬೇಡಿ ಅಂತ ನಾನು ಅನ್ನೋದಿಲ್ಲ. ಮಲ್ಲಯ್ಯನ ಕಂಬಿ ಹೊತ್ತು ನಡೆದು ಹೋಗುವ ಸೀಮೆ ನಮ್ಮದು. ಸಾಲ ಮಾಡಿ ಓಡಿ ಹೋಗಿ ಬಂದದ್ದಕ್ಕೆ ಮಕ್ಕಳ ಖುಷಿ ಅಂತ ಹೆಸರು ಇಡಬೇಡ್ರಿ ಅಂತೀನಿ.

ನಮಗೂ ಸಂಸಾರದ ಪ್ರಯಾಣ ಇತ್ತಲ್ಲ. ಎಳ್ಳಮಾಸೆ ಅನ್ನೋದು ಮತ್ತೇನು? ಎತ್ತಿನ ಕೊರಳಿಗೆ ಗೆಜ್ಜಿ, ಬಂಡಿಗೆ ಕೊಲ್ಲಾರಿ, ಒಳಗೆ ಸಜ್ಜಿ ರೊಟ್ಟಿ, ಭಜ್ಜಿ, ಎಣಗಾಯಿ, ಶೇಂಗಾ ಹೋಳಿಗಿ. ಮನೆ ಮಂದಿ, ನೆರೆಯವರು, ಮಕ್ಕಳು ಎಲ್ಲಾ ಕೂಡಿ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣೋದು. ಎರಡು ಮೂರು ಕಿಲೋಮೀಟರ್ ದಾರಿ, ಮುಟ್ಟಲಿಕ್ಕೆ ಒಂದು ತಾಸು. ಆ ಒಂದು ತಾಸಿನಾಗ ಮಕ್ಕಳು ಎಷ್ಟು ಸಲ ಬಂಡಿ ಇಳೀತಾರೆ, ಹತ್ತುತಾರೆ, ಕಡ್ಲಿ ಗಿಡ ಕಿತ್ತು ಹುಳಿ ಚೀಪುತಾರೆ, ಹಿಂದೆ ಬರೋ ಬಂಡಿಯವರನ್ನ ಅಣಕಿಸ್ತಾರೆ. 2021ರ ಜನವರಿಯ ಎಳ್ಳಮಾಸೆ ಕೊರೊನಾ ನಡುವೇನೇ ಬಂತು. ಬಂಡಿಗೆ ಬಂಡಿ ದೂರ ಬಿಟ್ಟು ಹೋದ್ವಿ, ಬಯಲಿನಾಗ ದೂರ ದೂರ ಕೂತು ಉಂಡ್ವಿ. ಹಬ್ಬ ಏನೂ ಕಡಿಮೆ ಆಗಲಿಲ್ಲ. ಈಗ ರೋಗ ಇಲ್ಲ, ಆದರೆ ಅರ್ಧ ಊರು ಬೈಕಿನಾಗ ಹೋಗಿ ಚರಗ ಚೆಲ್ಲಿ ಹತ್ತು ನಿಮಿಷಕ್ಕೆ ತಿರುಗಿ ಬರ್ತದ. ಮಕ್ಕಳು ಮನೆಯಾಗ ಟಿವಿ ಮುಂದೆ ಹೋಳಿಗಿ ತಿಂತಾವ. ಕೈಯಾಗಿನ ಪ್ರಯಾಣ ಬಿಟ್ಟು ಬಾಡಿಗೆ ಪ್ರಯಾಣಕ್ಕೆ ಸಾಲ ಮಾಡೋದು ಯಾವ ಲೆಕ್ಕ?

ಈಗ ಮಾಸ್ತರರ ಮಾತು. ಇದನ್ನ ಮರ್ಯಾದಿಯಿಂದಲೇ ಎದುರಿಸ್ತೀನಿ, ಯಾಕಂದ್ರ ಅವರ ಮಾತಿನಾಗ ಅರ್ಧ ಸತ್ಯ ಅದ. 2020ರ ಮಾರ್ಚ್ 16ಕ್ಕೆ ಸಾಲಿ ಮುಚ್ಚಿದವು. ದೊಡ್ಡ ಕ್ಲಾಸಿನವರಿಗೆ 2021ರ ಫೆಬ್ರವರಿಯಲ್ಲಿ ತೆರೆದು, ಮಾರ್ಚ್ ಕೊನೆಗೆ ಮತ್ತೆ ಮುಚ್ಚಿದರು. ಒಂದರಿಂದ ಐದನೇ ಕ್ಲಾಸಿನ ಮಕ್ಕಳು ಮತ್ತೆ ಸಾಲಿ ಮೆಟ್ಟಿಲು ಹತ್ತಿದ್ದು 2021ರ ಸೆಪ್ಟೆಂಬರ್ 1ಕ್ಕೆ. ಹದಿನೇಳೂವರೆ ತಿಂಗಳು! ನಡುವೆ 2020ರ ಸೆಪ್ಟೆಂಬರ್‌ನಿಂದ ಟಿವಿಯಲ್ಲಿ ಪಾಠ ಬಂತು. ಮನೆಗೆ ಒಂದು ಮೊಬೈಲ್, ಅದು ಅಪ್ಪನ ಜೇಬಿನಾಗ, ಅಪ್ಪ ಕೂಲಿಗೆ. ಓದಲಿಕ್ಕೆ ಬರ್ತಿದ್ದ ಮಕ್ಕಳು ಒತ್ತಕ್ಷರ ಮರೆತರು, ಮಗ್ಗಿ ಮರೆತರು. ಇದು ಸುಳ್ಳಲ್ಲ. ಬಡವರ ಮಕ್ಕಳಿಗೆ ಆದ ಈ ಲುಕ್ಸಾನು ಸಣ್ಣದಲ್ಲ. ಸಾಲಿ ಬೇಡ, ಹೊಲವೇ ಸಾಕು ಅನ್ನುವವ ನಾನಲ್ಲ. ನನ್ನ ಏಳನೇ ಕ್ಲಾಸು ಇಲ್ಲದಿದ್ದರೆ ಈ ನಾಲ್ಕು ಸಾಲೂ ಬರೀತಿರಲಿಲ್ಲ.

ಆದರೆ ಸೊನ್ನೆ ಅನ್ನಬೇಡ್ರಿ. ಅಲ್ಲಿಗೆ ನನ್ನ ತಕರಾರು.

ಆ ದಿನಗಳ ಕಾನೂನು ನೆನಪು ಮಾಡಿಕೊಳ್ರಿ. 65 ದಾಟಿದವರು, 10 ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಬೇಕು ಅಂತ ಸರ್ಕಾರ ಹೇಳಿತ್ತು. ಅಜ್ಜನನ್ನೂ ಮೊಮ್ಮಗನನ್ನೂ ಒಂದೇ ಗಂಟಿನಾಗ ಕಟ್ಟಿತು. ನನಗಿನ್ನೂ 65 ಆಗಿರಲಿಲ್ಲ, ಆದರೂ ಮನೆಯವರು ನನ್ನನ್ನ ಅದೇ ಲೆಕ್ಕಕ್ಕೆ ಹಾಕಿ ಮೊಮ್ಮಕ್ಕಳ ಜೊತೆ ಕೂರಿಸಿದರು. ಓಣಿಯ ಮಕ್ಕಳು ಬೇರೆ. ಮನೆಯಾಗ ಅಂದರೆ ನಮಗೆ ಗೋಡೆ ನಡುವೆ ಅಲ್ಲ, ಅಂಗಳ, ಕಣ, ಹೊಲದ ದಾರಿ. ಅಲ್ಲಿ ಏನೇನು ಆಯಿತು ಹೇಳ್ತೀನಿ, ಸೊನ್ನೆ ಹೌದೋ ಅಲ್ಲೋ ನೀವೇ ನೋಡ್ರಿ.

2020ರ ಜೂನ್ 21, ಮಣ್ಣೆತ್ತಿನ ಅಮಾಸಿ. ಅವತ್ತೇ ಸೂರ್ಯಗ್ರಹಣ. ಮಕ್ಕಳನ್ನ ಒಳಗೆ ಕೂಡಿ ಹಾಕ್ರಿ ಅಂದರು ಕೆಲವರು. ನಾನು ಬೇವಿನ ಗಿಡದ ಕೆಳಗೆ ಕೂರಿಸಿದೆ, ಮೇಲೆ ನೋಡಬಾರದು, ನೆಲ ನೋಡ್ರಿ ಅಂದೆ. ಮೋಡ ಸರಿದಾಗ ಎಲೆ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕಿಗಳೆಲ್ಲ ದುಂಡಗಿಲ್ಲ, ಕುಡುಗೋಲಿನ ಹಾಗೆ ಬಾಗಿದಾವ! ನೆಲದ ತುಂಬ ಸಾವಿರ ಕುಡುಗೋಲು. ಮಕ್ಕಳು ಕೂಗಿದ್ದು ಈಗಲೂ ಕಿವಿಯಾಗ ಅದ. ಗ್ರಹಣ ಬಿಟ್ಟ ಮೇಲೆ ಕೆರೆ ಮಣ್ಣು ತಂದು ಎತ್ತು ಮಾಡಿದರು. ಕೋಡು ಯಾವ ಕಡೆ ಬಾಗಬೇಕು, ಹಿಣಿಲು ಎಲ್ಲಿರಬೇಕು ಅಂತ ಜಗಳ. ಜಗಳ ತೀರಿಸಲಿಕ್ಕೆ ಕೊಟ್ಟಿಗಿಗೆ ಹೋಗಿ ನಿಜವಾದ ಎತ್ತು ನೋಡಿ ಬಂದರು. ಮಾಸ್ತರೆ, ನೋಡಿ ಬಂದು ತಿದ್ದೋದು ವಿಜ್ಞಾನ ಅಲ್ಲೇನು?

ಕಣದಾಗ ಹಂತಿ ಪದ ಕಲಿಸಿದೆ. ಈಗ ರಾಶಿ ಮಾಡೋದು ಮಶಿನ್, ಎತ್ತು ತಿರುಗೋದಿಲ್ಲ. ಮಕ್ಕಳೇ ಎತ್ತಾದರು, ಮೇಟಿ ಸುತ್ತ ತಿರುಗಿದರು, ನಾನು ಒಂದು ನುಡಿ ಹೇಳಿದರೆ ಅವರು ಹಿಂದಿನಿಂದ ಎತ್ತಿ ಹಿಡಿದರು. ಪದದ ಜೊತೆಗೆ ಶಬ್ದ ಬಂದವು: ಕೂರಿಗಿ, ಕುಂಟಿ, ರಂಟಿ, ನೊಗ, ಜತಗಿ, ಮೇಟಿ, ಬಾರುಕೋಲು. ಇವು ನಮ್ಮ ಮಕ್ಕಳ ಪುಸ್ತಕದಾಗ ಇಲ್ಲ, ಟಿವಿ ಪಾಠದಾಗೂ ಬರಲಿಲ್ಲ. ಗಡಿನಾಡಿನಾಗ ಈ ಶಬ್ದ ಉಳಿಯೋದು ಬಾಯಿಂದ ಕಿವಿಗೆ ಮಾತ್ರ. 1956ರಲ್ಲಿ ರಾಯಚೂರು ಜಿಲ್ಲೆಯಿಂದ ಗದ್ವಾಲ, ಆಲಂಪುರ ತಾಲೂಕು ತೆಗೆದು ಆಂಧ್ರಕ್ಕೆ ಕೊಟ್ಟರು. ಅಂದಿನಿಂದ ಕಚೇರಿ ತೆಲುಗು, ಸಂತಿ ತೆಲುಗು, ಮನೆ ಕನ್ನಡ. ತೆಲುಗೂ ನಮ್ಮದೇ, ಬೇಸರ ಇಲ್ಲ. ಆದರೆ ಮನೆಯಾಗ ಮಗುವಿನ ಜೊತೆ ಮಾತಾಡುವ ದೊಡ್ಡವರೇ ಇಲ್ಲ ಅಂದರೆ ಮನೆಯ ಕನ್ನಡ ಎಲ್ಲಿ ಉಳೀತದ?

ಒಂದು ದಿನ ಕೃಷ್ಣಾ ಸೇತುವೆ ಕಡೆ ಹೊರಟಾಗ ಎಂಟು ವರ್ಷದ ಹುಡುಗಿ ದಾರಿ ಬೋರ್ಡು ಓದಿದಳು. ಈ ದಂಡಿಗೆ ತೆಲುಗು, ಆ ದಂಡಿಗೆ ಕನ್ನಡ. "ತಾತಾ, ಅಕ್ಷರ ಒಂದೇ ಹಂಗ ಅದ, ತಲೆಕಟ್ಟು ಬ್ಯಾರೆ" ಅಂದಳು. ಅವರು ತಲೆ ಮೇಲೆ ಟಿಕ್ ಗುರುತು ಹಾಕ್ತಾರ, ನಾವು ಅಡ್ಡ ಗೆರೆ ಎಳೀತೀವಿ ಅಂತ ಮಣ್ಣಿನಾಗ ಬರೆದು ತೋರಿಸಿದಳು. ಎರಡು ಲಿಪಿಯ ಸಂಬಂಧವನ್ನ ಹೀಗೆ ಕಂಡುಕೊಂಡ ಮಗು ಆ ವರ್ಷ ಸೊನ್ನೆ ಕಲಿತಳೇನು? 2021ರ ಸೆಪ್ಟೆಂಬರ್‌ನಲ್ಲಿ ಸಾಲಿ ತೆರೆದಾಗ ಮಕ್ಕಳಿಗೆ ಏನು ಮರೆತದೆ ಅಂತ ಪರೀಕ್ಷೆ ಮಾಡಿದರು. ಮಾಡಬೇಕಾದ್ದೇ. ಆದರೆ ಏನು ಕಲಿತು ಬಂದೀರಿ ಅಂತ ಒಂದು ಮಾತು ಕೇಳಿದ್ದರೆ, ಆ ಮಕ್ಕಳು ತಲೆ ತಗ್ಗಿಸಿ ಕೂಡ್ತಿರಲಿಲ್ಲ. ಮರೆತ ಮಗ್ಗಿಯನ್ನ ಅದೇ ಹಂತಿ ಪದದ ದಾಟಿಗೆ ಹಾಡಿಸಿದ್ದರೆ ವಾರದಾಗ ಬರ್ತಿತ್ತು.

ಆ ಕಾಲದಾಗ ಒಂದು ಸಂಜೆ ವಾಚನಾಲಯದ ಕಟ್ಟೆ ಮೇಲೆ ಮಾಸ್ತರರೊಬ್ಬರು ಸ್ಪೇನ್ ದೇಶದ ಸುದ್ದಿ ಓದಿ ಹೇಳಿದರು. ಅಲ್ಲಿ ರೋಗ ಹೆಚ್ಚಾಗಿ, ಮಾರ್ಚ್ ನಡುವಿನಿಂದ ಆರು ವಾರ ಮಕ್ಕಳನ್ನ ಮನೆ ಬಾಗಿಲು ದಾಟಲಿಕ್ಕೇ ಬಿಡಲಿಲ್ಲವಂತೆ. ನಾಯಿಯನ್ನ ಹೊರಗೆ ತಿರುಗಿಸಬಹುದು, ಮಗುವನ್ನ ತಿರುಗಿಸಬಾರದು. 2020ರ ಏಪ್ರಿಲ್ 26ಕ್ಕೆ 14 ವರ್ಷದೊಳಗಿನ ಮಕ್ಕಳಿಗೆ ಅಪ್ಪಣೆ ಸಿಕ್ಕಿತು: ದಿನಕ್ಕೆ ಒಂದು ತಾಸು, ಮನೆಯಿಂದ ಒಂದು ಕಿಲೋಮೀಟರ್ ಒಳಗೆ, ಜೊತೆಗೆ ಒಬ್ಬ ದೊಡ್ಡವರು. ಅವತ್ತು ಮಕ್ಕಳು ಸೈಕಲ್, ಚೆಂಡು ತಗೊಂಡು ಬೀದಿಗೆ ಓಡಿ ಬಂದ ಚಿತ್ರ ಲೋಕವೆಲ್ಲ ನೋಡಿತು. ಕಾರಿಲ್ಲ, ಹೋಟೆಲಿಲ್ಲ, ದೊಡ್ಡ ಊರಿಲ್ಲ. ಬರೀ ಮನೆ ಮುಂದಿನ ಬೀದಿ.

ಆ ಸರ್ಕಾರ ರೋಗದ ಭಯಕ್ಕೆ ಅಳೆದು ಕೊಟ್ಟ ಅಳತೆ ಅದು. ನನಗೆ ಮಾತ್ರ ಅದು ಮಗುವಿನ ಹಕ್ಕಿನ ಅಳತೆ ಅನ್ನಿಸಿತು. ಒಂದು ತಾಸು, ಒಂದು ಕಿಲೋಮೀಟರ್, ಒಬ್ಬ ದೊಡ್ಡವರು. ಇವತ್ತು ನಮ್ಮ ಊರಿನಾಗ ಯಾವ ಬಂದೋಬಸ್ತೂ ಇಲ್ಲ. ಎಷ್ಟು ಮಕ್ಕಳಿಗೆ ದಿನಕ್ಕೆ ಇಷ್ಟು ಸಿಗ್ತದ, ಎಣಿಸಿ ಹೇಳ್ರಿ.

ಇದಕ್ಕೆ ಬರುವ ಉತ್ತರ ಗೊತ್ತಿದೆ. "ಕಾಕಾ, ನಮಗೆ ಟೈಮ್ ಎಲ್ಲಿ?" ಹೌದು, ಹತ್ತಿ ಬಿಡಿಸುವ ಕಾಲಕ್ಕೆ, ಭತ್ತ ನಾಟಿ ಕಾಲಕ್ಕೆ ಟೈಮ್ ಇಲ್ಲ. ಕೂಲಿ ಮಾಡುವ ತಾಯಿ ಸಂಜೆ ಒಲಿ ಹಚ್ಚಬೇಕು, ಆಕಿಗೆ ಇದನ್ನ ಹೇಳಲಿಕ್ಕೆ ನನಗೆ ಬಾಯಿಲ್ಲ. ನಾನು ಕೇಳೋದು ಚಾ ಅಂಗಡಿಯಾಗ ಎರಡು ತಾಸು ಮೊಬೈಲ್ ಉಜ್ಜುವ ಗಂಡಸರನ್ನ. ಕಟ್ಟೆ ಮೇಲೆ ಇಸ್ಪೀಟ್ ಆಡುವ ನನ್ನ ವಾರಿಗೆಯವರನ್ನ. ಹೊಲಕ್ಕೆ ಹೇಗೂ ಹೋಗ್ತೀರಿ, ಬೈಕ್ ಇಳಿದು ಒಂದು ದಿನ ಮಗುವಿನ ಕೈ ಹಿಡಿದು ಹೋಗ್ರಿ. ಒಬ್ಬ ದೊಡ್ಡವರು ಅಂದರೆ ಅಪ್ಪನೇ ಆಗಬೇಕಿಲ್ಲ. ಅಜ್ಜಿ, ಚಿಗವ್ವ, ಮಾವ, ಓಣಿಯ ಮುದುಕ ಯಾರಾದರೂ ಆದೀತು.

"ಹೊಳೆ ಅದ, ಮಕ್ಕಳನ್ನ ಹೊರಗೆ ಬಿಡೋದು ಹೇಗೆ?" ಅಂತಾರೆ ಇನ್ನು ಕೆಲವರು. ಬಿಡಬೇಡ್ರಿ, ಜೊತೆಗೆ ಹೋಗ್ರಿ ಅಂತಾನೇ ಹೇಳ್ತಿರೋದು. ಕೃಷ್ಣಿಯಾಗ ಮೊಸಳೆ ಇದ್ದಾವ. ಗೇಟು ಎತ್ತಿದರೆ ಆನೆಕಟ್ಟೆ ಕೆಳಗೆ ನೀರು ಕಣ್ಣು ಮುಚ್ಚಿ ತೆರೆಯೋದರೊಳಗೆ ಏರ್ತದ. ಇದನ್ನ ಮಗುವಿಗೆ ದಂಡಿ ಮೇಲೆ ನಿಲ್ಲಿಸಿ ತೋರಿಸಿದರೆ ಜೀವಮಾನ ಮರೆಯೋದಿಲ್ಲ. ಮನೆಯಾಗ ಕೂಡಿ ಹಾಕಿ ಬೆಳೆಸಿದ ಹುಡುಗನೇ ಹದಿನಾರಕ್ಕೆ ಗೆಳೆಯರ ಜೊತೆ ಹೋಗಿ, ನೀರಿನ ಗುಣ ಗೊತ್ತಿಲ್ಲದೆ, ಸೆಲ್ಫಿಗೆ ಅಂತ ಬಂಡೆ ಹತ್ತುತಾನ.

"ಮಕ್ಕಳಿಗೆ ದೊಡ್ಡ ಲೋಕ ತೋರಿಸೋದು ಬೇಡವೇನು?" ಬೇಕು. ರೊಕ್ಕ ಇದ್ದಾಗ ಹೋಗ್ರಿ. ಮಹಬೂಬನಗರದ ಪಿಲ್ಲಲಮರ್ರಿ ಆಲದ ಮರಕ್ಕೆ ಹೋಗ್ರಿ. ಎಷ್ಟೋ ನೂರು ವರ್ಷದ ಮರ. 2018ರಲ್ಲಿ ಗೆದ್ದಲು ಹತ್ತಿ ಸಾಯೋ ಹೊತ್ತಿಗೆ ಮನುಷ್ಯರಿಗೆ ಸಲೈನ್ ಏರಿಸಿದ ಹಾಗೆ ಬಾಟಲಿ ಕಟ್ಟಿ ಔಷಧಿ ಏರಿಸಿ ಉಳಿಸಿದರು. ಕುರುವಪುರಕ್ಕೆ ಹೋಗ್ರಿ, ನದಿ ನಡುವಿನ ನಡುಗಡ್ಡೆ, ಶ್ರೀಪಾದ ಶ್ರೀವಲ್ಲಭರ ಜಾಗ. ಗದ್ವಾಲದ ಕೋಟೆ, ನಾರಾಯಣಪೇಟೆ ಸೀರಿ ನೇಯುವ ಮಗ್ಗ, ಎಲ್ಲಾ ಒಂದು ದಿನದ ಬಸ್ಸಿನ ದಾರಿ. ಆದರೆ ಮನೆ ಹಿಂದಿನ ಬೇವಿನ ಗಿಡವನ್ನ ಎಂದೂ ನಿಂತು ನೋಡದ ಮಗುವಿಗೆ ಆ ಆಲದ ಮರದಾಗ ಏನು ಕಂಡೀತು? ನೋಡೋದು ಒಂದು ಅಭ್ಯಾಸ. ಅದನ್ನ ಮನೆ ಹತ್ತಿರ ಕಲಿಸಬೇಕು.

ನನ್ನ ಬೇಡಿಕೆ ನಾಲ್ಕೇ. ವಾಚನಾಲಯದವರು ಪ್ರತಿ ಭಾನುವಾರ ಬೆಳಿಗ್ಗೆ ಒಂದು ತಾಸು ಮಕ್ಕಳನ್ನ ಕರಕೊಂಡು ಊರ ಸುತ್ತ ನಡೀಬೇಕು, ಪ್ರತಿ ವಾರ ಒಬ್ಬ ಹಿರಿಯರು ಮುಂದೆ. ಮೊದಲನೇ ವಾರ ನಾನೇ ಬರ್ತೀನಿ, ಹಲಗಿ ತರ್ತೀನಿ. ಮಾಸ್ತರರು ವಾರಕ್ಕೊಂದು ಮನೆಪಾಠ ಪುಸ್ತಕದ ಹೊರಗಿಂದು ಕೊಡಬೇಕು: ಅಜ್ಜನನ್ನ ಕೇಳಿ ಹತ್ತು ಶಬ್ದ ಬರಕೊಂಡು ಬಾ, ಅಜ್ಜಿಯನ್ನ ಕೇಳಿ ಒಂದು ಕತಿ ಬರಕೊಂಡು ಬಾ. ಎಳ್ಳಮಾಸೆಗೆ ಬಂಡಿ ಇದ್ದವರು ಬಂಡಿ ಹೂಡಬೇಕು, ಬಂಡಿ ಇಲ್ಲದ ಮನೆಯ ಮಕ್ಕಳನ್ನ ಹತ್ತಿಸಿಕೊಳ್ಳಬೇಕು. ನಾಲ್ಕನೇದು ಎಲ್ಲಕ್ಕಿಂತ ದೊಡ್ಡದು. ದುಡಿಯಲಿಕ್ಕೆ ಮುಂಬೈ, ಪುಣೆಗೆ ಹೋಗುವವರ ಮಕ್ಕಳು ಅಜ್ಜ ಅಜ್ಜಿ ಹತ್ತಿರ ಊರಿನಾಗ ಉಳೀತಾರೆ. ಅವರ ಅಪ್ಪ ಅವ್ವನ ಒಂದು ತಾಸು ಅವರಿಗೆ ಸಿಗೋದಿಲ್ಲ. ಆ ತಾಸನ್ನ ಊರು ಕೊಡಬೇಕು. ನಮ್ಮ ನಮ್ಮ ಮಕ್ಕಳ ಜೊತೆ ಹೊರಟಾಗ ಆ ಮನೆಯ ಬಾಗಿಲು ಬಡಿದು "ಬರ್ತೀಯೇನಪ್ಪಾ" ಅನ್ನಬೇಕು.

ಸಿಮೆಂಟ್ ಚೀಲ ಕಾಲಿಗೆ ಕಟ್ಟಿಕೊಂಡು ಬಂದ ಹುಡುಗ ಈಗ ನಮ್ಮ ಊರಿನ ಸಾಲಿಯಲ್ಲೇ ಓದ್ತಾನ. ಅಪ್ಪ ಅವ್ವ ಮತ್ತೆ ಹೈದರಾಬಾದಿಗೆ ಹೋಗ್ಯಾರ. ಅಜ್ಜಿಗೆ ಈಗ ಕಣ್ಣು ಮಂಜು, ನಡೀಲಿಕ್ಕೆ ಆಗೋದಿಲ್ಲ. ಮೊದಲು ಅವನ ಬಾಗಿಲು ಬಡೀರಿ.